ಅಮೆರಿಕದಲ್ಲಿ ಆಂಗ್ಲರ ಮೊದಲ ವಸಾಹತುಗಳು

ನಮ್ಮ ಇತಿಹಾಸದ ತರಗತಿಯಲ್ಲಿ ಒಂದು ದಿನ ಅಧ್ಯಾಪಕರು, "ಇಂಗ್ಲೆಂಡಿನ ಜನ ಅಮೆರಿಕಕ್ಕೆ ಏಕೆ ಹೋದರು?" ಎಂದು ಕೇಳಿದರು. "ಮತಸ್ವಾತಂತ್ರ್ಯಕ್ಕಾಗಿ" ಎಂದು ನಾನು ತಡಮಾಡದೆ ಉತ್ತರ ಕೊಟ್ಟೆ. "ಹಾಗಾದರೆ ಜೇಮ್ಸ್‌ಟೌನಿಗೆ ಹೋದವರು ಯಾವ ದೇವರನ್ನು ಅರಸಿ ಹೋದರಯ್ಯ?" ಎಂದು ಅವರು ನಕ್ಕರು. ಅಂದು ನಾನು ನಿರುತ್ತರನಾದೆ. ಅನಂತರ ಗ್ರಂಥಾಲಯದಲ್ಲಿ ಕುಳಿತು ತಿಳಿದುಕೊಂಡುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇನೆ.

ಜೇಮ್ಸ್‌ಟೌನನ್ನು ಸ್ಥಾಪಿಸಿದುದು ಒಂದು ವ್ಯಾಪಾರದ ಕಂಪನಿ. ೧೬೦೬ರಲ್ಲಿ ಒಂದನೆಯ ಜೇಮ್ಸ್ ದೊರೆಯಿಂದ ಸನ್ನದು ಪಡೆದ ವರ್ಜೀನಿಯಾ ಕಂಪನಿಯು ಷೇರುದಾರರ ಹಣದಿಂದ ಹಡಗುಗಳನ್ನು ಹೊರಡಿಸಿತು. ನಮ್ಮ ದೇಶಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರಾದ ಸರ್ ತಾಮಸ್ ಸ್ಮಿತ್ ಎಂಬಾತನೇ ಈ ಕಂಪನಿಯ ಖಜಾಂಚಿಯೂ ಆಗಿದ್ದನೆಂದ ಮೇಲೆ, ಅದರ ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೬೦೭ರಲ್ಲಿ ನೂರಕ್ಕೆ ಸ್ವಲ್ಪ ಹೆಚ್ಚು ಗಂಡಸರೂ ಹುಡುಗರೂ ಪೌಹಾಟನ್ ಜನರ ನಾಡಿನಲ್ಲಿ, ನದಿಯ ದಡದಲ್ಲಿ ಇಳಿದರು. ಅರಸಿದ ಚಿನ್ನ ದೊರೆಯಲಿಲ್ಲ. ದೊರೆತುದು ಜ್ವರ ಮತ್ತು ಹಸಿವು. ೧೬೦೯–೧೦ರ ಚಳಿಗಾಲ ಕಳೆಯುವ ವೇಳೆಗೆ ಕೋಟೆಯಲ್ಲಿ ಬದುಕಿ ಉಳಿದವರು ಸುಮಾರು ಅರವತ್ತು ಮಂದಿ.

ಈ ವಸಾಹತನ್ನು ಉಳಿಸಿದುದು ಹೊಗೆಸೊಪ್ಪು. ೧೬೧೨ರ ಸುಮಾರಿಗೆ ಜಾನ್ ರಾಲ್ಫ್ ಎಂಬಾತನು ಇಂಗ್ಲೆಂಡಿನ ಮಾರುಕಟ್ಟೆಗೆ ಒಪ್ಪುವ ತಳಿಯನ್ನು ಬೆಳೆದನು. ಆ ಬೆಳೆಗೆ ಬೇಕಾದುದು ಎರಡು: ವಿಸ್ತಾರವಾದ ಭೂಮಿ ಮತ್ತು ದುಡಿಯುವ ಕೈಗಳು. ಒಬ್ಬ ಆಳನ್ನು ತನ್ನ ಖರ್ಚಿನಲ್ಲಿ ಕರೆತಂದವನಿಗೆ ಐವತ್ತು ಎಕರೆ ಭೂಮಿ ಎಂಬ ಏರ್ಪಾಡು ೧೬೧೮ರಲ್ಲಿ ಬಂದಿತು. ಇಂಗ್ಲೆಂಡಿನ ಬಡವರು ಹಡಗಿನ ಖರ್ಚಿಗೆ ಪ್ರತಿಯಾಗಿ ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ದುಡಿಯುವ ಕರಾರಿಗೆ ಒಪ್ಪಿ ಬಂದರು. ೧೬೧೯ರ ಜುಲೈ ಕೊನೆಯಲ್ಲಿ ವರ್ಜೀನಿಯಾದ ಜನಪ್ರತಿನಿಧಿಗಳ ಮೊದಲ ಸಭೆ ಸೇರಿತು. ಮರುತಿಂಗಳಲ್ಲೇ ಆಫ್ರಿಕದಿಂದ ಸೆರೆಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಅದೇ ವಸಾಹತಿನಲ್ಲಿ ಇಳಿಸಿದರು. ಸ್ವಯಮಾಡಳಿತವೂ ದಾಸ್ಯವೂ ಒಂದೇ ಬೇಸಗೆಯಲ್ಲಿ ಕಾಲಿರಿಸಿದುವು. ೧೬೬೨ರಲ್ಲಿ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನೇ ಅನುಸರಿಸುವುದೆಂದು ಶಾಸನವಾಗಿ, ಗುಲಾಮಗಿರಿಯು ಹುಟ್ಟಿನೊಡನೆ ಬರುವ ಕಟ್ಟಾಯಿತು.

ಉತ್ತರದ ನ್ಯೂ ಇಂಗ್ಲೆಂಡಿನ ಕಥೆಯೇ ಬೇರೆ. ೧೬೨೦ರಲ್ಲಿ ಮೇಫ್ಲವರ್ ಹಡಗಿನಲ್ಲಿ ನೂರೆರಡು ಮಂದಿ ಬಂದರು. ಕೆಲವೇ ವರ್ಷಗಳ ಹಿಂದೆ ರೋಗದಿಂದ ಬರಿದಾಗಿದ್ದ, ಅಲ್ಲಿನ ಮೂಲನಿವಾಸಿಗಳ ಊರೊಂದರ ನೆಲದಲ್ಲಿ ಅವರು ಪ್ಲಿಮತ್ತನ್ನು ಕಟ್ಟಿದರು. ೧೬೩೦ರಲ್ಲಿ ಜಾನ್ ವಿಂತ್ರಾಪನ ಮುಂದಾಳುತನದಲ್ಲಿ ಪ್ಯೂರಿಟನರು ಮ್ಯಾಸಚೂಸೆಟ್ಸಿಗೆ ಸಂಸಾರ ಸಮೇತರಾಗಿ ಬಂದರು. ನನ್ನ ಉತ್ತರ ಸಲ್ಲುವುದು ಇವರಿಗೆ. ಅದೂ ಅರ್ಧ ಮಾತ್ರ. ಅವರು ಬಯಸಿದುದು ತಮ್ಮ ಮತಕ್ಕೆ ಸ್ವಾತಂತ್ರ್ಯವೇ ಹೊರತು ಎಲ್ಲರ ಮತಕ್ಕಲ್ಲ. ಭಿನ್ನಾಭಿಪ್ರಾಯ ಹೇಳಿದ ರಾಜರ್ ವಿಲಿಯಮ್ಸನು ಗಡೀಪಾರಾಗಿ ೧೬೩೬ರಲ್ಲಿ ಪ್ರಾವಿಡೆನ್ಸ್ ಕಟ್ಟಿದನು. ಕ್ವೇಕರ್ ಪಂಥದ ಮೇರಿ ಡೈಯರಳನ್ನು ೧೬೬೦ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಅಲ್ಲಿನ ನೆಲ ಕಲ್ಲು, ಬೇಸಗೆ ಅಲ್ಪಕಾಲದ್ದು. ದೊಡ್ಡ ತೋಟಗಳಿಗೆ ಆಸ್ಪದವಿಲ್ಲದುದರಿಂದ ಮನೆಮಂದಿಯೇ ಸಣ್ಣ ಹೊಲಗಳಲ್ಲಿ ದುಡಿದರು. ಮೀನು, ಮರ, ಹಡಗು ಕಟ್ಟುವ ಕೆಲಸ ಇವು ಜೀವನೋಪಾಯಗಳಾದುವು. ಮನೆಗಳು ಒತ್ತಾಗಿದ್ದುದರಿಂದ ಊರಸಭೆಯೂ ಶಾಲೆಯೂ ಬೆಳೆದುವು.

ನಡುವಣ ವಸಾಹತುಗಳಲ್ಲಿ ಇನ್ನೊಂದು ಬಗೆ. ನ್ಯೂಯಾರ್ಕನ್ನು ಆಂಗ್ಲರು ೧೬೬೪ರಲ್ಲಿ ಡಚ್ಚರಿಂದ ಕಸಿದುಕೊಂಡರು. ಪೆನ್ಸಿಲ್ವೇನಿಯಾ ಹುಟ್ಟಿದುದು ಸಾಲದಿಂದ: ವಿಲಿಯಂ ಪೆನ್ನನ ತಂದೆಗೆ ಸಲ್ಲಬೇಕಾಗಿದ್ದ ೧೬,೦೦೦ ಪೌಂಡುಗಳಿಗೆ ಬದಲಾಗಿ ದೊರೆಯು ೧೬೮೧ರಲ್ಲಿ ಮಗನಿಗೆ ಆ ಸೀಮೆಯನ್ನು ಕೊಟ್ಟನು. ಕ್ವೇಕರನಾದ ಪೆನ್ನನು ಅನ್ಯಮತದವರನ್ನೂ ಕರೆದನು. ಫಲವತ್ತಾದ ನೆಲದಲ್ಲಿ ಆಂಗ್ಲರೊಡನೆ ಜರ್ಮನರೂ ಗೋದಿ ಬೆಳೆದರು.

ಹೀಗೆ ಲಾಭ, ದೇವರು, ಸಾಲ ಎಂದು ಕಾರಣಗಳು ಬೇರೆಬೇರೆ. ಆದರೆ ಸೀಮೆಗಳ ಭೇದಕ್ಕೆ ಸ್ಥಾಪಕರ ಉದ್ದೇಶವೊಂದೇ ಕಾರಣವೆ? ಜಾರ್ಜಿಯಾದ ಚರಿತ್ರೆಯನ್ನು ಓದಿದವರು ಹಾಗೆನ್ನಲಾರರು. ಇಂಗ್ಲೆಂಡಿನ ಬಡವರಿಗೆ ಬದುಕು ಕಲ್ಪಿಸಲೂ, ಸ್ಪೇನಿನವರ ಫ್ಲಾರಿಡಾಕ್ಕೆ ಅಡ್ಡಗಟ್ಟಾಗಲೂ ೧೭೩೩ರಲ್ಲಿ ಅದು ಸ್ಥಾಪಿತವಾಯಿತು. ೧೭೩೫ರಲ್ಲಿ ಅಲ್ಲಿ ಗುಲಾಮರನ್ನು ತರುವುದನ್ನೇ ನಿಷೇಧಿಸಿದರು. ಆದರೆ ನೆರೆಯ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರ ದುಡಿಮೆಯಿಂದ ಭತ್ತದ ಒಡೆಯರು ಸಿರಿವಂತರಾಗುತ್ತಿದ್ದುದನ್ನು ಕಂಡವರ ಒತ್ತಾಯ ಬೆಳೆಯಿತು. ೧೭೫೧ರಿಂದ ಆ ನಿಷೇಧವಿಲ್ಲವಾಯಿತು. ಉದ್ದೇಶ ಕಾಗದದಲ್ಲಿ ಉಳಿಯಿತು. ಹೊಲದಲ್ಲಿ ಗೆದ್ದುದು ಲಾಭ.

ಈ ವಿಷಯ ನನ್ನ ಮನಸ್ಸನ್ನು ನಾಟಲು ಒಂದು ಕಾರಣವುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಐವತ್ತು ಮನೆಗಳಿರುವ ಪ್ರತಿ ಊರೂ ಓದುಬರೆಹ ಕಲಿಸಲು ಒಬ್ಬನನ್ನು ನೇಮಿಸಬೇಕೆಂದು ಮ್ಯಾಸಚೂಸೆಟ್ಸಿನಲ್ಲಿ ೧೬೪೭ರಲ್ಲಿಯೇ ಶಾಸನವಾದುದನ್ನು ಓದಿ ಹಿಗ್ಗಿದೆ. ದಕ್ಷಿಣ ಕೆರೊಲಿನಾದಲ್ಲಿ ಗುಲಾಮರಿಗೆ ಬರೆಯಲು ಕಲಿಸುವುದು ದಂಡನಾರ್ಹವೆಂದು ೧೭೪೦ರಲ್ಲಿ ಶಾಸನವಾದುದನ್ನು ಓದಿ ಪುಸ್ತಕ ಮುಚ್ಚಿದೆ. ಉತ್ತರದವರು ನಿಷ್ಕಳಂಕರೆಂದಲ್ಲ, ಮ್ಯಾಸಚೂಸೆಟ್ಸಿನ ೧೬೪೧ರ ಶಾಸನವೇ ಗುಲಾಮಗಿರಿಗೆ ಎಡೆಗೊಟ್ಟಿದ್ದಿತು. ಆದರೂ ಮನೆಯ ಮಕ್ಕಳೇ ಹೊಲದಲ್ಲಿ ದುಡಿದ ಕಡೆ ಅವರಿಗೆ ಅಕ್ಷರ ಬೇಕೆನಿಸಿತು. ಇನ್ನೊಬ್ಬರ ಕೈಗಳಷ್ಟೇ ಬೇಕಾದ ಕಡೆ ಅಕ್ಷರವೇ ಅಪಾಯವೆನಿಸಿತು.

ಅಧ್ಯಾಪಕರು ಆ ಪ್ರಶ್ನೆಯನ್ನು ಮತ್ತೆ ಕೇಳಿದರೆ ಈಗ ನಾನು ಅವಸರಪಡಲಾರೆ. ಏಕೆ ಹೋದರೆಂಬುದನ್ನು ಸನ್ನದುಗಳು ಹೇಳುತ್ತವೆ. ಹೋದ ಮೇಲೆ ಏನಾದರೆಂಬುದನ್ನು ತಿಳಿಯಬೇಕಾದರೆ, ಅಲ್ಲಿ ಗುದ್ದಲಿ ಹಿಡಿದವರು ಯಾರು ಎಂದು ಕೇಳಬೇಕು.