ಆಕ್ಸ್‌ಫರ್ಡಿಗೆ ಹೋದರೆ ಗೇಟಿನ ಮುಂದೆ ನಿಲ್ಲಬೇಡಿ, ಒಳಗೆ ಹೋಗಿ

ಮಕ್ಕಳೇ, ನಿಮ್ಮ ಅಪ್ಪ ಅಮ್ಮ ಒಂದಲ್ಲ ಒಂದು ದಿನ ನಿಮ್ಮನ್ನು ಆಕ್ಸ್‌ಫರ್ಡಿಗೆ ಕರ್ಕೊಂಡು ಹೋಗೇ ಹೋಗ್ತಾರೆ. ಊರಿಂದ ಅಜ್ಜಿ ತಾತ ಬಂದಾಗಲಂತೂ ಖಂಡಿತ. ಆಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಯಾವುದೋ ಕಾಲೇಜಿನ ದೊಡ್ಡ ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದು, "ಚೆನ್ನಾಗಿ ಓದಿದ್ರೆ ನೀನೂ ಇಲ್ಲಿಗೇ ಬರಬಹುದು" ಅಂತಾರೆ. ಪೋಷಕರೇ, ಆ ಒಂದು ಮಾತನ್ನು ಅವತ್ತಿನ ಮಟ್ಟಿಗೆ ಮನೆಯಲ್ಲೇ ಬಿಟ್ಟು ಹೊರಡೋಣ. ಎಂಟು ವರ್ಷದ ಮಗುವಿಗೆ ಒಂದು ಇಡೀ ಊರು ಪರೀಕ್ಷೆಯ ಹಾಗೆ ಕಾಣಬಾರದು. ನಾನು ಇಲ್ಲಿ ಹೇಳುವ ನಾಲ್ಕು ಮ್ಯೂಸಿಯಂಗಳೂ ಅದೇ ವಿಶ್ವವಿದ್ಯಾಲಯದವು, ನಾಲ್ಕಕ್ಕೂ ಪ್ರವೇಶ ಉಚಿತ. ಇವಕ್ಕೆ ಎ-ಸ್ಟಾರ್ ಬೇಕಿಲ್ಲ, ಬಾಗಿಲು ತಳ್ಳಿದರೆ ಸಾಕು.

ಮೊದಲು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ. 1860ರಲ್ಲಿ ತೆರೆದ ಈ ಕಟ್ಟಡಕ್ಕೆ ಗಾಜಿನ ಸೂರು. ಸುತ್ತಲಿನ ಕಂಬಗಳನ್ನು ಬೇರೆ ಬೇರೆ ಜಾತಿಯ ಬ್ರಿಟಿಷ್ ಕಲ್ಲುಗಳಲ್ಲಿ ಮಾಡಿದ್ದಾರೆ. ಡೈನೋಸಾರ್ ಅಸ್ಥಿಪಂಜರಗಳ ಹತ್ತಿರ ನೀವು ಹೇಗೂ ಓಡ್ತೀರಿ, ಅದಕ್ಕೆ ನಾನು ಹೇಳಬೇಕಿಲ್ಲ. ಆದರೆ ಡೋಡೋ ಹಕ್ಕಿಯನ್ನು ತಪ್ಪಿಸಬೇಡಿ. ಮಾರಿಷಸ್ ದ್ವೀಪದಲ್ಲಿದ್ದ ಈ ಹಾರಲಾರದ ಹಕ್ಕಿ 17ನೇ ಶತಮಾನದಲ್ಲೇ ಭೂಮಿಯಿಂದ ಅಳಿದುಹೋಯಿತು. ಚರ್ಮ ಸಮೇತ ಉಳಿದ ಒಂದು ಡೋಡೋ ತಲೆ ಈ ಮ್ಯೂಸಿಯಂನ ಬಳಿ ಇದೆ. ಅದು ತುಂಬ ನಾಜೂಕು, ಹಾಗಾಗಿ ಸಾಮಾನ್ಯವಾಗಿ ಅದರ ಅಚ್ಚನ್ನು ಇಟ್ಟಿರುತ್ತಾರೆ. ಲಂಡನ್ನಿಗೆ ಜೀವಂತವಾಗಿ ತಂದು, ದುಡ್ಡು ತಗೊಂಡು ಜನರಿಗೆ ತೋರಿಸುತ್ತಿದ್ದ ಹಕ್ಕಿ ಇದೇ ಇರಬೇಕು ಅಂತ ಬಹಳ ಕಾಲ ನಂಬಿದ್ದರು. 2018ರಲ್ಲಿ ವಿಜ್ಞಾನಿಗಳು ಆ ತಲೆಯನ್ನು ಸ್ಕ್ಯಾನ್ ಮಾಡಿದಾಗ ಬುರುಡೆಯಲ್ಲಿ ಸೀಸದ ಪುಟ್ಟ ಗುಂಡುಗಳು ಸಿಕ್ಕವು. ಯಾರೋ ಹಿಂದಿನಿಂದ ಅದಕ್ಕೆ ಗುಂಡು ಹೊಡೆದಿದ್ದರು! ಮುನ್ನೂರು ವರ್ಷ ಕಳೆದ ಮೇಲೆ ಒಂದು ಕೊಲೆ ಪತ್ತೆಯಾದ ಹಾಗಾಯ್ತು.

ಅದೇ ಕಟ್ಟಡದ ಹಿಂದಿನ ಬಾಗಿಲು ದಾಟಿದರೆ ಪಿಟ್ ರಿವರ್ಸ್ ಮ್ಯೂಸಿಯಂ. ಒಳಗೆ ಬೆಳಕು ಕಡಿಮೆ. ಸಾಮಾನುಗಳೋ, ಅಜ್ಜಿ ಮನೆಯ ಅಟ್ಟ ನೆನಪಾಗುವಷ್ಟು! ಬೇರೆ ಕಡೆ "ಇದು ಈಜಿಪ್ಟ್, ಇದು ಚೀನಾ" ಅಂತ ದೇಶದ ಪ್ರಕಾರ ಜೋಡಿಸಿರುತ್ತಾರೆ. ಇಲ್ಲಿ ವಸ್ತುವಿನ ಕೆಲಸದ ಪ್ರಕಾರ ಜೋಡಿಸಿದ್ದಾರೆ. ಬೀಗಗಳೆಲ್ಲ ಒಂದು ಕಡೆ, ವಾದ್ಯಗಳೆಲ್ಲ ಒಂದು ಕಡೆ, ದೋಣಿಗಳು ತಲೆಯ ಮೇಲೆ. ಸಾಫ್ಟ್‌ವೇರ್ ಕೆಲಸದವನಾದ ನನಗೆ ಇದು ಬಹಳ ಇಷ್ಟ. ಒಂದೇ ಸಮಸ್ಯೆಯನ್ನು ಹತ್ತು ಊರಿನ ಜನ ಹತ್ತು ರೀತಿ ಬಿಡಿಸಿದ್ದು ಒಂದೇ ಕಪಾಟಿನಲ್ಲಿ ಕಾಣುತ್ತೆ. ಕಪಾಟಿನ ಕೆಳಗಿನ ಡ್ರಾಯರುಗಳನ್ನು ಎಳೆದು ನೋಡಿ, ಅವುಗಳಲ್ಲೂ ವಸ್ತುಗಳಿವೆ. ಅಜ್ಜಿ ಜೊತೆಗಿದ್ದರೆ ನಿಮ್ಮ ಅದೃಷ್ಟ. "ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಜ್ಜಿ?" ಅಂತ ಕೇಳುತ್ತಾ ಹೋಗಿ, ನಮ್ಮ ಶನಿವಾರದ ಎರಡು ಕ್ಲಾಸಿನಷ್ಟು ಪದ ಸಿಗುತ್ತೆ.

ಹಾಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇದು ಇಲ್ಲಿಗೆ ಹೇಗೆ ಬಂತು? ಕೆಲವನ್ನು ಕೊಂಡರು, ಕೆಲವನ್ನು ಕಾಣಿಕೆಯಾಗಿ ಪಡೆದರು, ಕೆಲವನ್ನು ಬಲವಂತದಿಂದ ತಂದರು. ಆಶ್ಮೋಲಿಯನ್ ಮ್ಯೂಸಿಯಂನ ಒಂದು ಕಥೆ ಕೇಳಿ. 1683ರಲ್ಲಿ ಶುರುವಾದ ಈ ಮ್ಯೂಸಿಯಂ 1967ರಲ್ಲಿ ಲಂಡನ್ನಿನ ಹರಾಜಿನಲ್ಲಿ ತಿರುಮಂಗೈ ಆಳ್ವಾರರ ಕಂಚಿನ ವಿಗ್ರಹವನ್ನು ಕೊಂಡಿತು. ಮುಂದೆ ಒಬ್ಬ ಸಂಶೋಧಕರಿಗೆ 1957ರಲ್ಲಿ ತೆಗೆದ ಒಂದು ಫೋಟೋ ಸಿಕ್ಕಿತು. ಅದರಲ್ಲಿ ಅದೇ ವಿಗ್ರಹ ತಮಿಳುನಾಡಿನ ಕುಂಭಕೋಣಂ ಹತ್ತಿರದ ದೇವಸ್ಥಾನದಲ್ಲಿತ್ತು! ಮ್ಯೂಸಿಯಂನವರೇ ಭಾರತದ ಹೈಕಮಿಷನ್‌ಗೆ ವಿಷಯ ತಿಳಿಸಿದರು. 2024ರಲ್ಲಿ ವಿಶ್ವವಿದ್ಯಾಲಯ ಅದನ್ನು ಹಿಂದಿರುಗಿಸಲು ಒಪ್ಪಿತು. ನೀವು ಹೋದಾಗ ಅದು ಅಲ್ಲಿ ಕಾಣದಿದ್ದರೆ ಬೇಜಾರು ಮಾಡ್ಕೋಬೇಡಿ, ನನ್ನ ಪ್ರಕಾರ ಅದು ಒಳ್ಳೆಯದೇ. ಭಾರತದ ಗ್ಯಾಲರಿಯಲ್ಲಿ ನೋಡಲು ಇನ್ನೂ ಬೇಕಾದಷ್ಟಿದೆ.

ಬ್ರಾಡ್ ಸ್ಟ್ರೀಟಿನ ಹಿಸ್ಟರಿ ಆಫ್ ಸೈನ್ಸ್ ಮ್ಯೂಸಿಯಂ ಚಿಕ್ಕದು, ಮುಕ್ಕಾಲು ಗಂಟೆ ಸಾಕು. 1931ರ ಮೇ 16ರಂದು ಐನ್‌ಸ್ಟೈನ್ ಭಾಷಣ ಮಾಡುತ್ತಾ ಬರೆದ ಕಪ್ಪು ಹಲಗೆ ಇಲ್ಲಿದೆ, ಸೀಮೆಸುಣ್ಣದ ಅಕ್ಷರ ಇನ್ನೂ ಹಾಗೇ ಇದೆ. ಇನ್ನೊಂದು ಹಲಗೆಯನ್ನೂ ಎತ್ತಿಟ್ಟಿದ್ದರಂತೆ, ಆದರೆ ಅದನ್ನು ಯಾರೋ ಗೊತ್ತಿಲ್ಲದೆ ಒರೆಸಿಬಿಟ್ಟರು.

ಅಲ್ಲಿಂದ ರಸ್ತೆ ದಾಟದೆಯೇ ನಾಲ್ಕು ಹೆಜ್ಜೆ ನಡೆದರೆ 1602ರಲ್ಲಿ ಓದುಗರಿಗೆ ತೆರೆದ ಬಾಡ್ಲಿಯನ್ ಲೈಬ್ರರಿ. ಇಲ್ಲಿಂದ ಪುಸ್ತಕ ಹೊರಗೆ ಒಯ್ಯುವ ಹಾಗಿಲ್ಲ. 1645ರಲ್ಲಿ ರಾಜ ಒಂದನೇ ಚಾರ್ಲ್ಸ್ ಕೇಳಿದಾಗಲೂ ಕೊಡಲಿಲ್ಲ! ಹ್ಯಾರಿ ಪಾಟರ್ ಮೊದಲ ಸಿನಿಮಾದ ಆಸ್ಪತ್ರೆ ಇಲ್ಲಿನ ಡಿವಿನಿಟಿ ಸ್ಕೂಲ್, ಅದಕ್ಕೆ ಟಿಕೆಟ್ ಇದೆ. ಹೊರಗಿನ ಅಂಗಳ ನೋಡಲು ದುಡ್ಡಿಲ್ಲ.

ಕೊನೆಗೆ ಒಂದು ಕನ್ನಡದ ಗುರುತು. ಕಾರ್ನ್‌ಮಾರ್ಕೆಟ್ ಬೀದಿಯ ಪಕ್ಕದಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಕೂಟ ಇದೆ. ಧಾರವಾಡದಲ್ಲಿ ಓದಿ, ರೋಡ್ಸ್ ಸ್ಕಾಲರ್‌ಷಿಪ್ ಪಡೆದು ಬಂದ ಗಿರೀಶ ಕಾರ್ನಾಡರು ಅದರ ಅಧ್ಯಕ್ಷರಾಗಿದ್ದರು. ಅವರಿಗೆ ಇಂಗ್ಲಿಷ್ ಕವಿಯಾಗುವ ಆಸೆ ಇತ್ತು. ಆದರೆ ಆಕ್ಸ್‌ಫರ್ಡಿಗೆ ಹೊರಡುವ ಸಮಯದಲ್ಲಿ ಅವರು ಬರೆದದ್ದು ಒಂದು ನಾಟಕ, ಅದೂ ಕನ್ನಡದಲ್ಲಿ! ಅದೇ 'ಯಯಾತಿ', 1961ರಲ್ಲಿ ಅಚ್ಚಾಯಿತು. ಅಜ್ಜಿ ತಾತನಿಗೆ ಈ ಜಾಗ ತೋರಿಸಿ, ಅವರ ಹತ್ತಿರ ಕಾರ್ನಾಡರ ಕಥೆ ಇದ್ದೇ ಇರುತ್ತೆ.

ಕಾರನ್ನು ಊರೊಳಗೆ ತರಬೇಡಿ, ಪಾರ್ಕ್ ಅಂಡ್ ರೈಡ್‌ನಲ್ಲಿ ಬಿಟ್ಟು ಬಸ್ಸಲ್ಲಿ ಬನ್ನಿ. ತೆರೆಯುವ ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಡೋಡೋ ಮ್ಯೂಸಿಯಂ ಹತ್ತಿರ ಯೂನಿವರ್ಸಿಟಿ ಪಾರ್ಕ್ಸ್ ಇದೆ, ಚಿತ್ರಾನ್ನದ ಡಬ್ಬಿ ಬಿಚ್ಚೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.