ಗಾಳಕ್ಕೆ ಕರೆಯದೇ ಬಂದ ಈಲ್

ಇಂಗ್ಲೆಂಡಿನ ನದಿಗಳಲ್ಲಿ ಜೂನ್ 16 ಬಂತೆಂದರೆ ಗಾಳದ ಹಂಗಾಮು ಶುರು. ಮೀನುಗಳು ಮೊಟ್ಟೆಯಿಡುವ ಕಾಲವೆಂದು ಮೂರು ತಿಂಗಳು ಖಾಲಿಯಿದ್ದ ದಂಡೆಗಳಲ್ಲಿ ಮಡಚುವ ಕುರ್ಚಿಗಳು, ಹಸಿರು ಕೊಡೆಗಳು, ಉದ್ದನೆಯ ಕೋಲುಗಳು ಕಾಣಿಸಿಕೊಳ್ಳುತ್ತವೆ. ಥೇಮ್ಸ್ ಇರಲಿ, ಸೆವರ್ನ್ ಇರಲಿ, ಬಂದವರ ಕಣ್ಣು ಇರುವುದು ಸಿಹಿನೀರಿನ ಮೀನುಗಳಾದ ಬಾರ್ಬೆಲ್, ಬ್ರೀಮ್, ಚಬ್‌ಗಳ ಮೇಲೆ. ಕತ್ತಲಾಗುತ್ತಿದ್ದಂತೆ ಎರೆಹುಳು ಚುಚ್ಚಿದ ಕೊಕ್ಕೆ ತಳ ಮುಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಕೋಲಿನ ತುದಿ ಅದುರುತ್ತದೆ, ದಾರ ಸರಸರನೆ ಓಡುತ್ತದೆ. ಎಳೆದು ನೋಡಿದರೆ ದಂಡೆಗೆ ಬಂದದ್ದು ಮೊಳದುದ್ದದ, ಕೈಗೆ ನಿಲ್ಲದ, ಹಾವಿನಾಕಾರದ ಈಲ್ ಮೀನು.

ಅಲ್ಲಿಂದ ಮುಂದಿನದು ಪೇಚಾಟ. ಈಲ್ ಸುಮ್ಮನೆ ಮಲಗುವ ಮೀನಲ್ಲ. ಹಿಂದಕ್ಕೂ ಈಜಬಲ್ಲ ಅದು ದಾರವನ್ನು ಮೈಗೆ ಸುತ್ತಿಕೊಂಡು ತಾನೇ ಗಂಟಾಗುತ್ತದೆ. ಮೈಮೇಲಿನ ಲೋಳೆ ಕೈಗೆ, ಬಟ್ಟೆಗೆ, ಚೀಲಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಕೊಕ್ಕೆಯನ್ನು ನುಂಗಿಬಿಟ್ಟಿದ್ದರಂತೂ ಬಿಡಿಸುವುದು ಸುಲಭವಲ್ಲ. ಸಿಟ್ಟು ಬರುವುದು ಸಹಜವೇ. ಆದರೆ ಆ ಮೀನು ಎಲ್ಲಿಂದ ಬಂದಿದೆ, ಎಲ್ಲಿಗೆ ಹೋಗಬೇಕಿದೆ ಎಂಬುದು ಗೊತ್ತಿದ್ದರೆ ಕೈ ತಾನಾಗಿ ನಿಧಾನವಾಗುತ್ತದೆ.

ಯುರೋಪಿನ ಈಲ್ ಹುಟ್ಟುವುದು ಯಾವ ನದಿಯಲ್ಲೂ ಅಲ್ಲ. ಅಟ್ಲಾಂಟಿಕ್ ಸಾಗರದ ಆಚೆ ಬದಿ, ಸಾರ್ಗ್ಯಾಸೋ ಸಮುದ್ರದಲ್ಲಿ. ಎಲೆಯಾಕಾರದ ಪಾರದರ್ಶಕ ಮರಿಗಳು ಸಾಗರದ ಹರಿವಿನೊಂದಿಗೆ 5,000 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಯುರೋಪಿನ ಕರಾವಳಿ ತಲುಪುತ್ತವೆ. ಅಷ್ಟು ಹೊತ್ತಿಗೆ ಅವು ಶ್ಯಾವಿಗೆ ಎಳೆಯಂತೆ ಸಣ್ಣಗೆ, ಗಾಜಿನಷ್ಟು ತಿಳಿಯಾಗಿ ಮಾರ್ಪಟ್ಟಿರುತ್ತವೆ. ಆಮೇಲೆ ಮೈಗೆ ಬಣ್ಣ ಬಂದು, ನದಿ ಹತ್ತಿ, ಹಳದಿ ಹೊಟ್ಟೆಯ ಈಲ್ ಆಗಿ ವರ್ಷಗಟ್ಟಲೆ ಬೆಳೆಯುತ್ತವೆ. ಹೆಣ್ಣುಗಳು ಹೀಗೆ ಇಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಸಿಹಿನೀರಿನಲ್ಲಿ ಇರುವುದುಂಟು. ಕಡೆಗೊಂದು ಶರತ್ಕಾಲದಲ್ಲಿ ಮೈ ಬೆಳ್ಳಿಬಣ್ಣಕ್ಕೆ ತಿರುಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಕರುಳು ಕುಗ್ಗಿ ಊಟ ನಿಲ್ಲುತ್ತದೆ. ಹುಟ್ಟಿದ ಕಡಲಿನತ್ತ ಅದು ಪ್ರಯಾಣ ಹೊರಡುತ್ತದೆ. ಅಲ್ಲಿ ಒಂದೇ ಒಂದು ಸಲ ಸಂತಾನ, ನಂತರ ಸಾವು.

ಇದನ್ನು ತಿಳಿಯಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. ಈಲ್ ಕೆಸರಿನಿಂದ ಹುಟ್ಟುತ್ತದೆ ಎಂದು ಅರಿಸ್ಟಾಟಲ್ ನಂಬಿದ್ದ. 1876ರಲ್ಲಿ ಯುವಕ ಸಿಗ್ಮಂಡ್ ಫ್ರಾಯ್ಡ್ ಟ್ರಿಯೆಸ್ಟ್ ನಗರದಲ್ಲಿ ಸುಮಾರು 400 ಈಲ್‌ಗಳನ್ನು ಕೊಯ್ದು ಗಂಡಿನ ವೃಷಣ ಹುಡುಕಿದರೂ ಖಚಿತ ಉತ್ತರ ಸಿಗಲಿಲ್ಲ. ಡೆನ್ಮಾರ್ಕಿನ ಯೋಹಾನೆಸ್ ಶ್ಮಿಟ್ 1904ರಿಂದ ಹಡಗಿನಲ್ಲಿ ಅಟ್ಲಾಂಟಿಕ್ ಜಾಲಾಡುತ್ತ, ಚಿಕ್ಕದಕ್ಕಿಂತ ಚಿಕ್ಕ ಮರಿ ಎಲ್ಲಿ ಸಿಗುತ್ತದೆಂದು ಅಳೆಯುತ್ತ ಹೋಗಿ, 1920ರ ದಶಕದ ಆರಂಭದಲ್ಲಿ ಸಾರ್ಗ್ಯಾಸೋ ಕಡೆ ಬೆರಳು ತೋರಿಸಿದ. ದೊಡ್ಡ ಈಲ್‌ಗಳಿಗೆ ಉಪಗ್ರಹ ಸಂಪರ್ಕದ ಟ್ಯಾಗ್ ಕಟ್ಟಿ, ಅಜೋರ್ಸ್ ದ್ವೀಪಗಳಿಂದ ಅಲ್ಲಿಯವರೆಗೆ ಅವುಗಳ ಜಾಡು ಹಿಡಿದ ವರದಿ ಪ್ರಕಟವಾದದ್ದು 2022ರಲ್ಲಿ. ಅಲ್ಲಿ ಅವು ಮೊಟ್ಟೆಯಿಡುವುದನ್ನು ಇಂದಿಗೂ ಯಾರೂ ಕಣ್ಣಾರೆ ಕಂಡಿಲ್ಲ.

ನಮ್ಮ ದೇಶದ ನದಿಗಳಲ್ಲೂ ಇದೇ ಕುಲದ ಮೀನುಗಳಿವೆ. ಆಂಗ್ವಿಲಾ ಬೆಂಗಾಲೆನ್ಸಿಸ್ ಎಂಬ ಚುಕ್ಕೆಮೈಯ ಈಲ್ ಕಡಲಲ್ಲಿ ಹುಟ್ಟಿ, ನದಿಗೆ ಬಂದು ಬೆಳೆಯುವ ಜೀವಿ. ಕರ್ನಾಟಕದ ಹೊಳೆ-ಕೆರೆಗಳಲ್ಲಿ ಗಾಳಕ್ಕೆ ಬೀಳುವ, ಬೆನ್ನ ಮೇಲೆ ಮುಳ್ಳಿನ ಸಾಲಿರುವ ಹಾವುಮೀನು ಮಾತ್ರ ಬೇರೆಯೇ ವಂಶದ್ದು. ಅದು ಸಿಹಿನೀರಿನಲ್ಲೇ ಮರಿ ಮಾಡುತ್ತದೆ, ಸಾಗರಯಾನದ ಗೊಡವೆ ಅದಕ್ಕಿಲ್ಲ.

ಕೊಕ್ಕೆಯಲ್ಲಿ ಒದ್ದಾಡುತ್ತಿರುವ ಈಲ್ ಬಗ್ಗೆ ನಿಜವಾಗಿ ಯೋಚಿಸಬೇಕಾದ ಸಂಗತಿ ಇದು: ಎರೆಹುಳಕ್ಕೆ ಬಾಯಿ ಹಾಕಿದೆ ಎಂದರೆ ಅದು ಇನ್ನೂ ಊಟ ಮಾಡುವ ಹಂತದಲ್ಲಿದೆ. ಅಂದರೆ ಒಂದು ಮರಿಯನ್ನೂ ಈ ಲೋಕಕ್ಕೆ ಕೊಟ್ಟಿಲ್ಲ. ಬೇರೆ ಮೀನುಗಳು ಪ್ರತಿ ವರ್ಷ ಮೊಟ್ಟೆಯಿಟ್ಟು, ಗಾಳಕ್ಕೆ ಸಿಗುವ ಹೊತ್ತಿಗೆ ತಮ್ಮ ಪಾಲಿನ ಕೆಲಸ ಒಂದಿಷ್ಟು ಮುಗಿಸಿರಬಹುದು. ಈಲ್‌ಗೆ ಆ ಅವಕಾಶವೇ ಇಲ್ಲ. ದಂಡೆಯ ಮೇಲೆ ಸತ್ತರೆ ಅದರ ಹತ್ತಾರು ವರ್ಷಗಳ ಬೆಳವಣಿಗೆ ಪೂರ್ತಿ ವ್ಯರ್ಥ.

ಅದೂ ಎಂಥ ಕಾಲದಲ್ಲಿ! 1086ರ ಡೂಮ್ಸ್‌ಡೇ ಎಂಬ ಭೂದಾಖಲೆ ಪುಸ್ತಕದಲ್ಲಿ ನೀರಿನ ಗಿರಣಿಗಳ ಬಾಡಿಗೆಯನ್ನು ಈಲ್‌ಗಳ ಲೆಕ್ಕದಲ್ಲಿ ಬರೆದಿಟ್ಟ ದೇಶ ಇಂಗ್ಲೆಂಡ್. ಅಷ್ಟು ಹೇರಳವಾಗಿತ್ತು ಈ ಮೀನು. ಈಗ ಯುರೋಪಿನ ಕರಾವಳಿಗೆ ಬರುವ ಮರಿಗಳು 1960-79ರ ಸರಾಸರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಣೆಕಟ್ಟುಗಳು, ಜಲವಿದ್ಯುತ್ ಟರ್ಬೈನುಗಳು, ಮಾಲಿನ್ಯ, ಅತಿಯಾದ ಬೇಟೆ, ಏಷ್ಯಾದಿಂದ ಬಂದು ಈಜುಚೀಲದೊಳಗೆ ಸೇರಿಕೊಂಡ ಪರಾವಲಂಬಿ ಹುಳು, ಹೀಗೆ ಕಾರಣಗಳು ಹಲವು. 2008ರಿಂದ ಈ ಈಲ್ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜೀವಿ. ಐರ್ಲೆಂಡ್ 2009ರಲ್ಲಿ ಈಲ್ ಮೀನುಗಾರಿಕೆಯನ್ನೇ ಮುಚ್ಚಿತು. ಇಂಗ್ಲೆಂಡಿನಲ್ಲಿ ಗಾಳಕ್ಕೆ ಬಿದ್ದ ಈಲನ್ನು ಜೀವಂತವಾಗಿ ನೀರಿಗೆ ಮರಳಿಸಲೇಬೇಕೆಂಬ ಕಾನೂನಿದೆ.

ಮರಳಿಸುವುದೆಂದರೆ ಬರೀ ನೀರಿಗೆ ಎಸೆಯುವುದಲ್ಲ. ಹಿಂದಿನವರು ಒಣ ಕಾಗದ ಅಥವಾ ಒರಟು ಬಟ್ಟೆಯಿಂದ ಈಲನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಅದರಿಂದ ಮೈಯ ಲೋಳೆ ಕಿತ್ತುಬರುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಆ ಲೋಳೆಯೇ ಅದರ ರಕ್ಷೆ. ಹಾಗಾಗಿ ಅನುಭವಿಗಳು ಮೊದಲು ಕೈ, ಬಟ್ಟೆ, ಚಾಪೆ ಎಲ್ಲವನ್ನೂ ಒದ್ದೆ ಮಾಡಿಕೊಳ್ಳುತ್ತಾರೆ. ಈಲನ್ನು ಒದ್ದೆ ಚಾಪೆಯ ಮೇಲೆ ಅಂಗಾತ ಮಲಗಿಸಿ ಮೆಲ್ಲಗೆ ಹೊಟ್ಟೆ ಸವರಿದರೆ ಅದು ಸಾಮಾನ್ಯವಾಗಿ ಒದ್ದಾಟ ನಿಲ್ಲಿಸುತ್ತದೆ. ಬಿಗಿ ಹಿಡಿದಷ್ಟೂ ಅದರ ತಿರುಚಾಟ ಜಾಸ್ತಿ. ತುಟಿಯಲ್ಲಿ ಸಿಕ್ಕಿದ ಕೊಕ್ಕೆಯನ್ನು ಚಿಮಟದಿಂದ ಬಿಡಿಸುವುದು ಆಗ ಕ್ಷಣದ ಕೆಲಸ, ಕೊಕ್ಕೆಗೆ ಹಿಮ್ಮುಳ್ಳು ಇಲ್ಲದಿದ್ದರೆ ಇನ್ನೂ ಸಲೀಸು. ಈಲಿನ ಹಸಿ ರಕ್ತದಲ್ಲಿ ನಂಜಿನ ಅಂಶವಿದೆ. ಬೇಯಿಸಿದರೆ ಅದು ನಾಶವಾಗುತ್ತದಾದರೂ, ರಕ್ತ ತಾಗಿದ ಬೆರಳು ಕಣ್ಣಿಗೆ ಹೋದರೆ ಉರಿ ತಪ್ಪದು. ಕೈ ತೊಳೆದುಕೊಳ್ಳುವುದು ಕಡ್ಡಾಯ.

ಕೊಕ್ಕೆ ಗಂಟಲು ದಾಟಿ ಹೋಗಿದ್ದರೆ? ಒಳಗೆ ಕೆದಕಬಾರದು. ಬಾಯಿಯ ಹತ್ತಿರವೇ, ಆದಷ್ಟು ಒಳಗೆ ದಾರ ಕತ್ತರಿಸಿ ಬಿಡುವುದೇ ಇದ್ದುದರಲ್ಲಿ ಒಳ್ಳೆಯ ಮಾರ್ಗ. ಆದರೆ ಅದೂ ಪೂರ್ಣ ಪರಿಹಾರವಲ್ಲ. ಕೊಕ್ಕೆ ನುಂಗಿದ ಈಲ್‌ಗಳನ್ನು ಹೀಗೆ ದಾರ ಕತ್ತರಿಸಿ ಬಿಟ್ಟು ತಿಂಗಳುಗಟ್ಟಲೆ ಗಮನಿಸಿದ ಜರ್ಮನಿಯ ಸಂಶೋಧಕರು, ಅವುಗಳಲ್ಲಿ ಗಣನೀಯ ಪಾಲು ಸತ್ತದ್ದನ್ನೂ ಹಲವು ಈಲ್‌ಗಳು ಕೊಕ್ಕೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡದ್ದನ್ನೂ 2016ರಲ್ಲಿ ವರದಿ ಮಾಡಿದರು.

ಆದ್ದರಿಂದ ಗಮನ ಕೊಡಬೇಕಾದದ್ದು ಈಲ್ ಕೊಕ್ಕೆ ನುಂಗುವುದಕ್ಕಿಂತ ಮೊದಲಿನ ಹೊತ್ತಿಗೆ. ಕೋಲು ಊರಿಟ್ಟು ನಿದ್ದೆ ಹೋಗುವವರ ಗಾಳವೇ ಹೆಚ್ಚಾಗಿ ಒಳಕ್ಕಿಳಿಯುವುದು. ದಾರ ಅದುರಿದ ಕೂಡಲೇ ಎಳೆದರೆ ಕೊಕ್ಕೆ ತುಟಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ತೀರ ಸಣ್ಣ ಕೊಕ್ಕೆ ಸಲೀಸಾಗಿ ಹೊಟ್ಟೆ ಸೇರುತ್ತದೆ, ದೊಡ್ಡದು ಅಷ್ಟು ಸುಲಭಕ್ಕೆ ಇಳಿಯದು. ವಾಸನೆ ಹಿಡಿಯುವುದರಲ್ಲಿ ಈಲ್ ಬಲು ಚುರುಕು, ಎರೆಹುಳು ಮತ್ತು ಸತ್ತ ಸಣ್ಣ ಮೀನು ಅದಕ್ಕೆ ಅಚ್ಚುಮೆಚ್ಚು. ಬಾರ್ಬೆಲ್, ಬ್ರೀಮ್‌ಗಳು ಜೋಳದ ಕಾಳಿಗೂ ಬ್ರೆಡ್ಡಿಗೂ ಬರುವುದರಿಂದ, ಬೆಚ್ಚನೆಯ ರಾತ್ರಿಗಳಲ್ಲಿ ಒಂದರ ಹಿಂದೊಂದು ಈಲ್ ಬೀಳತೊಡಗಿದರೆ ತಿಳಿದವರು ಹುಳದ ಡಬ್ಬಿ ಮುಚ್ಚಿ ಕಾಳಿಗೆ ಬದಲಾಯಿಸುತ್ತಾರೆ, ಇಲ್ಲವೇ ಜಾಗ ಬಿಟ್ಟು ಏಳುತ್ತಾರೆ.