ಹದಿನೈದು ವರ್ಷಗಳ ಗೆರೆ

ರಾಜಾಜಿನಗರವೆಂಬ ಹೆಸರಿನಲ್ಲಿಯೇ ಒಂದು ಸಣ್ಣ ವಿನೋದವು ಅಡಗಿದೆ. 1949ರಲ್ಲಿ ಪಡುವಣ ಬೆಂಗಳೂರಿನಲ್ಲಿ ಕೈಗಾರಿಕಾ ಉಪನಗರವೊಂದನ್ನು ಹೂಡಿದಾಗ ಅದಕ್ಕೆ ಇಟ್ಟುದು ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು. ಅವರಾದರೋ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದ ತಮಿಳು ಮನೆಮಾತಿನವರು. ಆ ಹೆಸರು ಬರೆದ ಬಸ್ಸಿನ ಫಲಕದ ಕೆಳಗೆ ನಿಂತು ‘ಹೊರಗಿನವರ ಕಾಟ’ವನ್ನು ಕುರಿತು ಬಿಸಿಯಾಗಿ ವಾದಿಸುವವರನ್ನು ಕಂಡಾಗಲೆಲ್ಲ ನನಗೆ ತೊರಪಳ್ಳಿ ನೆನಪಾಗುತ್ತದೆ.

ಜಗಳಕ್ಕಿಂತ ಮೊದಲು ಬಂದುದು ಗಿರಣಿ. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ಲೆಂದೇ ಹೆಸರಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯೂ, ಅದರ ಬೆನ್ನಿಗೆ ಬಂದ ಇತರ ಗಿರಣಿಗಳೂ ತಮಿಳು, ತೆಲುಗು ಸೀಮೆಗಳಿಂದ ಜನರನ್ನು ಸೆಳೆದುವು. ಹಾಗೆ ಬಂದವರಲ್ಲಿ ಬಹುಮಂದಿ ಮಾಗಡಿ ರಸ್ತೆಯ ಆಚೀಚೆ, ಶ್ರೀರಾಮಪುರದಲ್ಲಿ ನೆಲೆಯೂರಿದರು. ಅವರ ಮೊಮ್ಮಕ್ಕಳು ಮನೆಯೊಳಗೆ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆಯನ್ನು ಆಡುತ್ತ, ಎರಡರಲ್ಲಿಯೂ ಸಮನಾಗಿ ಬೈಯಬಲ್ಲವರಾಗಿ ಬೆಳೆದರು.

ಆದರೆ ಕನ್ನಡಿಗನ ಅಳಲನ್ನು ಸುಳ್ಳೆಂದು ತಳ್ಳಿಹಾಕುವುದು ಅನ್ಯಾಯವಾದೀತು. ತಮ್ಮ ಹೊಲದ ಮೇಲೆ ಎದ್ದುನಿಂತ ಕಾರ್ಖಾನೆಯ ಗೇಟಿನ ಬಳಿ, ನೇಮಕದ ಪಟ್ಟಿಯಲ್ಲಿ ತಮ್ಮ ಮಗನ ಹೆಸರನ್ನು ಕಾಣದೆ ಹಿಂದಿರುಗಿದ ತಂದೆಯಂದಿರು ನಿಜವಾಗಿಯೂ ಇದ್ದರು. 1982ರ ಗೋಕಾಕ್ ಚಳವಳಿಯ ಕಾವು ಇನ್ನೂ ಆರದಿದ್ದಾಗ ಸರ್ಕಾರವು ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದುದು ಈ ಅಳಲಿಗೆ ಉತ್ತರವಾಗಿಯೇ. 1986ರಲ್ಲಿ ಸಲ್ಲಿಕೆಯಾದ ಆ ವರದಿಯ 58 ಶಿಫಾರಸುಗಳು ಬಹುಪಾಲು ಕಡತದಲ್ಲಿಯೇ ಉಳಿದುವಾದರೂ, ಅದರಿಂದ ಒಂದು ಗೆರೆ ಮಾತ್ರ ಅಳಿಯದೆ ನಮ್ಮ ಮಾತಿನೊಳಕ್ಕೆ ಇಳಿಯಿತು: 15 ವರ್ಷ ಇಲ್ಲಿ ಬಾಳಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನೇ ಸ್ಥಳೀಯನು.

ಕಾಗದದ ಮೇಲಿನ ಈ ಗೆರೆಯನ್ನು ಬೀದಿಯು ಎಂದೂ ಓದಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವು ರಾಜಪತ್ರದಲ್ಲಿ ಪ್ರಕಟವಾದ ಮರುದಿನ ಹೊತ್ತಿಕೊಂಡ ಗಲಭೆಯಲ್ಲಿ, ಎರಡು ಮೂರು ತಲೆಮಾರಿನಿಂದ ಇಲ್ಲಿದ್ದ ತಮಿಳರೂ ಗಂಟು ಕಟ್ಟಿಕೊಂಡು ಊರು ಬಿಟ್ಟರು. ಅದೇ ಕಾವೇರಿಯ ಜಗಳದಲ್ಲಿ 2016ರ ಸೆಪ್ಟೆಂಬರ್ 12ರಂದು ನಾಯಂಡಹಳ್ಳಿಯ ಸಮೀಪದ ನಿಲುದಾಣದಲ್ಲಿ ತಮಿಳುನಾಡಿನ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಸುಟ್ಟು ಅಸ್ಥಿಪಂಜರಗಳಾದುವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಂದು ಜೀವ ಹೋಯಿತು. ರಾಜಾಜಿನಗರ, ವಿಜಯನಗರ, ಕೆಂಗೇರಿಗಳೂ ಸೇರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿದ್ದಿತು. ನೀರಿನ ಜಗಳವು ಮೈಸೂರು ರಸ್ತೆಗೆ ಬಂದು ಮನುಷ್ಯರ ಜಗಳವಾಗಿ ಮಾರ್ಪಟ್ಟಿತ್ತು.

ಅಷ್ಟರಲ್ಲಿ ವಲಸೆಯ ದಿಕ್ಕೇ ಬದಲಾಗಿತ್ತು. ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದವರು ಈಗ ಗಾರೆ ಕಲಸುತ್ತಾರೆ, ಕಬ್ಬಿಣ ಕಟ್ಟುತ್ತಾರೆ. ಇಂತಹವರಿಗೆಂದೇ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಹುಟ್ಟಿದ್ದಿತು: ಗುತ್ತಿಗೆದಾರನು ಪ್ರಯಾಣದ ಭತ್ಯೆ ಕೊಡಬೇಕಿತ್ತು, ತಕ್ಕ ವಸತಿ ಕೊಡಬೇಕಿತ್ತು, ಊರು ಬಿಡಿಸಿ ತಂದುದಕ್ಕೆ ಪ್ರತಿಯಾಗಿ ತಿಂಗಳ ಕೂಲಿಯ ಅರ್ಧವನ್ನೋ 75 ರೂಪಾಯಿಯನ್ನೋ, ಯಾವುದು ಹೆಚ್ಚೋ ಅದನ್ನು, ತೆರಬೇಕಿತ್ತು. ಕೆಂಗೇರಿಯಾಚೆ ಕಟ್ಟಡವೊಂದರ ಮಗ್ಗುಲಲ್ಲಿ ನಾನು ಕಂಡ ‘ತಕ್ಕ ವಸತಿ’ಯು ತಗಡಿನ ಸಾಲುಮನೆಗಳು, ಬಾಗಿಲುಗಳ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿದ ಅಂಕಿಗಳು, ಹೊರಗೆ ಒಂದೇ ನಲ್ಲಿ, ಅದರ ಮುಂದೆ ಬಣ್ಣದ ಡಬ್ಬಿಗಳ ಸರದಿ. ಒಂದು ಕೋಣೆಯಲ್ಲಿ ಭೋಜಪುರಿ, ಪಕ್ಕದ್ದರಲ್ಲಿ ಯಾದಗಿರಿಯ ಕನ್ನಡ. ಕನ್ನಡದ ಕೋಣೆಗೆ ಹೆಚ್ಚಿನ ಕಿಟಕಿಯೇನೂ ಇರಲಿಲ್ಲ.

ಕೊರೋನಾ ಲಾಕ್‌ಡೌನಿನ ನಡುವೆ, 2020ರ ಮೇ 3ರಿಂದ, ಚಿಕ್ಕಬಾಣಾವರದ ನಿಲ್ದಾಣದಿಂದ ಹೊರರಾಜ್ಯದ ಈ ಕಾರ್ಮಿಕರನ್ನು ತವರಿಗೊಯ್ಯುವ ಶ್ರಮಿಕ ರೈಲುಗಳು ಹೊರಟುವು. ಎರಡು ದಿನ ಕಳೆಯುವುದರೊಳಗೆ ಕಟ್ಟಡ ಉದ್ಯಮದವರು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡರು; ರೈಲುಗಳು ಬೇಡವೆಂದು ಸರ್ಕಾರವು ರೈಲ್ವೆಗೆ ಪತ್ರ ಬರೆಯಿತು; ಕೂಗೆದ್ದ ಮೇಲೆ ಆ ನಿರ್ಧಾರವನ್ನು ಹಿಂದೆಗೆದುಕೊಂಡಿತು. ಬಂದಾಗ ‘ಏಕೆ ಬಂದೆ’ ಎಂದು ಕೇಳಿಸಿಕೊಂಡವನು ಹೊರಟಾಗ ‘ಏಕೆ ಹೋಗುವೆ’ ಎಂದು ಕೇಳಿಸಿಕೊಂಡ ಆ ವಾರವನ್ನು ನಾನು ಮರೆಯಲಾರೆ.

ಹಳೆಯ ಗೆರೆಯು ಮತ್ತೆ ಕಾಣಿಸಿಕೊಂಡುದು 2024ರ ಜುಲೈಯಲ್ಲಿ. ಖಾಸಗಿ ಉದ್ಯಮಗಳ ಆಡಳಿತದ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ ಶೇಕಡ 70 ಸ್ಥಳೀಯರಿಗೆಂದು ಸಚಿವ ಸಂಪುಟವು ಒಪ್ಪಿದ ಮಸೂದೆಯು, ಉದ್ಯಮಪತಿಗಳ ಆಕ್ಷೇಪದ ಮುಂದೆ ಎರಡೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಹರಿಯಾಣದ ಇಂಥದೇ ಕಾಯಿದೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2023ರಲ್ಲಿಯೇ ರದ್ದುಮಾಡಿತ್ತು. ಪರ, ವಿರೋಧಗಳೆರಡೂ ಬಸವೇಶ್ವರನಗರದ ದರ್ಶಿನಿಗಳಲ್ಲಿ ಕಾಫಿಯೊಡನೆ ಆವಿಯಾಡಿದುವು. ಅಲ್ಲಿ ಗೋವೆಯ ಹೆಸರೆತ್ತಿದವರು ನನ್ನ ಕಿವಿಗೆ ಬೀಳಲಿಲ್ಲ. 2004ರಲ್ಲಿ ವಾಸ್ಕೊ ಬಳಿಯ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳು ನೆಲಸಮವಾದಾಗ ನಾವು ವಲಸಿಗರ ಪರವಾಗಿದ್ದೆವು. ಅರುವತ್ತರ ದಶಕದ ಮುಂಬಯಿಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗಲೂ ಹಾಗೆಯೇ.

2024ರ ನಮ್ಮ ಮಸೂದೆಯಲ್ಲಿಯೂ 15 ವರ್ಷವೇ ಇದ್ದಿತು. ಅದರೊಡನೆ ಈ ನಾಡಿನಲ್ಲಿ ಹುಟ್ಟಿರಬೇಕೆಂಬ ಮಾತೂ ಇದ್ದಿತು. ಕನ್ನಡ ಕಲಿಯಬೇಕೆಂಬ ನಿಬಂಧನೆಯಲ್ಲಿ ನನಗೆ ದೋಷ ಕಾಣುವುದಿಲ್ಲ. ಕಲಿಸುವ ವ್ಯವಸ್ಥೆಯನ್ನೂ ಅದರೊಡನೆ ಬರೆದಿದ್ದರೆ ಇನ್ನೂ ಲೇಸಾಗುತ್ತಿತ್ತು. ವಾಸದ ಲೆಕ್ಕವಾದರೋ ಬೇರೆ. ವಾಸಕ್ಕೆ ಸಾಕ್ಷಿ ಬೇಕು. ಸಾಕ್ಷಿಗೆ ಬಾಡಿಗೆಯ ಕರಾರು ಬೇಕು. ಕರಾರಿಗೆ ಬಾಗಿಲಸಂಖ್ಯೆ ಬೇಕು. ಮೊನ್ನೆ ಕೆಂಗೇರಿಯ ಆ ಕಟ್ಟಡದಲ್ಲಿ ಬಾಲ್ಕನಿಗಳಿಗೆ ಗಾಜು ಕೂರಿಸುತ್ತಿದ್ದರು. ತಗಡುಗಳನ್ನು ಬಿಚ್ಚಿ ಲಾರಿಗೆ ಏರಿಸಿದ್ದರು. ಮೇಲಿದ್ದ ತಗಡಿನ ಮೇಲೆ ಸುಣ್ಣದ 14 ಇನ್ನೂ ಅಳಿಸಿರಲಿಲ್ಲ. ಮುಂದಿನ ನಿವೇಶನವು ಬಿಡದಿಯ ಕಡೆಯದಂತೆ.